ಬಲಗೈಯಲ್ಲಿ ಬರೆದ ಮೊದಲ ಕಾಗದ

ಗ್ಲಾಸ್ಗೋ,
ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಅಕ್ಷರ ನೋಡಿ ಹೆದರಬೇಡ. ಕೋಳಿ ಕೆದರಿದ ಹಾಗಿದೆ, ಗೊತ್ತು. ಆಪರೇಷನ್ ಆಗಿ 7 ವಾರ ಆಯ್ತು. ಬಲಗೈಯಲ್ಲಿ ಪೆನ್ನು ಹಿಡಿದು ಕೂತದ್ದು ಇವತ್ತೇ ಮೊದಲು. ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲಿಕ್ಕೆ ಬಿಟ್ಟದ್ದು ಯಾವಾಗ? ಅಪ್ಪನ ವಿಷಯ ಒಂದು ಹೇಳಲಿಕ್ಕಿದೆ. ಅದಕ್ಕೆ ಬರುತ್ತೇನೆ, ಮೊದಲು ಕೈಯ ಕಥೆ ಕೇಳು.

ಆರು ವರ್ಷದ ಹಿಂದೆ ಅಂಗೈಯಲ್ಲಿ, ಉಂಗುರ ಬೆರಳಿನ ಬುಡದ ಹತ್ತಿರ, ಹುಣಸೆ ಬೀಜದಷ್ಟು ಒಂದು ಗಂಟು ಎದ್ದಿತ್ತು. ನೋವಿಲ್ಲ, ಉರಿಯಿಲ್ಲ. ಇಲ್ಲಿಯ ಒಬ್ಬ ಡಾಕ್ಟರಿಗೆ ತೋರಿಸಿದರೆ ಟಪಾಲು ಚೀಲ ಹೊತ್ತು ಜಡ್ಡುಗಟ್ಟಿದ್ದು ಅಂದರು. ನಾನೂ ನಂಬಿದೆ. ಎರಡು ವರ್ಷದಲ್ಲಿ ಆ ಗಂಟಿನಿಂದ ಬೆರಳಿನವರೆಗೆ ಚರ್ಮದಡಿ ಒಂದು ಹುರಿ ಎದ್ದು ನಿಂತಿತು, ತೆಂಗಿನ ನಾರಿನ ಹುರಿಯಷ್ಟು ಬಿಗಿ. ಬೆರಳು ಮೆಲ್ಲ ಮೆಲ್ಲ ಒಳಗೆ ಬಾಗಿತು. ಕಿರುಬೆರಳೂ ಅದರ ಹಿಂದೆಯೇ ಹೊರಟಿತು.

ನೋವಿಲ್ಲದ ಕಾಯಿಲೆಗೆ ಯಾರೂ ಮರ್ಯಾದೆ ಕೊಡುವುದಿಲ್ಲ ಅಕ್ಕ. ಮುಖ ತೊಳೆಯುವಾಗ ನನ್ನ ಬೆರಳೇ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಪ್ಯಾಂಟಿನ ಕಿಸೆಗೆ ಕೈ ಹೋಗುತ್ತಿರಲಿಲ್ಲ. ಚಳಿಗೆ ಗ್ಲೌಸ್ ಏರುತ್ತಿರಲಿಲ್ಲ. ಇಲ್ಲಿ ಬಾಗಿಲಿನಲ್ಲೇ ಕಾಗದ ಹಾಕಲಿಕ್ಕೆ ಒಂದು ಸೀಳು ಇರುತ್ತದೆ, ಅದಕ್ಕೊಂದು ಸ್ಪ್ರಿಂಗ್ ಮುಚ್ಚಳ. ಬಾಗಿದ ಬೆರಳು ಅದರಲ್ಲಿ ಸಿಕ್ಕಿಹಾಕಿಕೊಳ್ಳುವುದು, ಒಳಗಿನಿಂದ ನಾಯಿ ಬೊಗಳಿಕೊಂಡು ಬರುವುದು, ನಾನು ಹೊರಗೆ ನಿಂತು ಕೈ ಎಳೆಯುವುದು. ಇದು ಒಂದೆರಡು ಸಲದ ಕಥೆ ಅಲ್ಲ.

ಕಡೆಗೆ ಕೈಯ ಡಾಕ್ಟರ ಹತ್ತಿರ ಹೋದೆ. ಅವರು ಮಾಡಿಸಿದ್ದು ಒಂದೇ ಪರೀಕ್ಷೆ. ಮೇಜಿನ ಮೇಲೆ ಅಂಗೈ ಚಪ್ಪಟೆ ಇಡಿ ಅಂದರು. ನನ್ನ ಕೈ ಕವುಚಿದ ಚಿಪ್ಪಿನ ಹಾಗೆ ಕೂತಿತು, ಅಡಿಯಲ್ಲಿ ಇಲಿ ನುಗ್ಗುವಷ್ಟು ಜಾಗ. ಇದು ನರದ ದೋಷ ಅಲ್ಲವಂತೆ, ಎಲುಬಿನದ್ದೂ ಅಲ್ಲ. ಅಂಗೈ ಚರ್ಮದ ಅಡಿಯಲ್ಲಿ ಒಂದು ಪದರ ಇರುತ್ತದೆ. ಅದು ದಪ್ಪವಾಗಿ, ಹುರಿಗಟ್ಟಿ, ಕುಗ್ಗಿ ಬೆರಳನ್ನು ಎಳೆದುಕೊಳ್ಳುತ್ತದೆ. ಡುಪ್ಯುಟ್ರೆನ್ ಕಾಂಟ್ರಾಕ್ಚರ್ ಅಂತ ಹೆಸರು. 1831ರಲ್ಲಿ ಪ್ಯಾರಿಸಿನಲ್ಲಿ ಇದನ್ನು ಕೊಯ್ದು ಬಿಡಿಸಿ ತೋರಿಸಿದ ಸರ್ಜನ್ ಹೆಸರು ಅದು. ಭಾವನಿಗೆ ರಾಜಕೀಯ ಬೇಕಲ್ಲ, ಹೇಳು: ಮಾರ್ಗರೆಟ್ ಥ್ಯಾಚರ್ 1986ರಲ್ಲಿ, ರೊನಾಲ್ಡ್ ರೇಗನ್ 1989ರಲ್ಲಿ ಇದೇ ಕಾಯಿಲೆಗೆ ಕೈ ಕೊಯ್ಯಿಸಿಕೊಂಡಿದ್ದರು. ನಾನು ಸಣ್ಣ ಜನ ಅಲ್ಲ.

ಉತ್ತರ ಯುರೋಪಿನವರಿಗೆ ಇದು ಜಾಸ್ತಿಯಂತೆ, ನಮ್ಮ ಕಡೆಯವರಲ್ಲಿ ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ಬರುವ ಸಂಭವ ಹೆಚ್ಚು. ಮನೆತನದಲ್ಲೂ ಬರುತ್ತದೆ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ಯೋಚನೆ ಕೂಡ ಮಾಡಲಿಲ್ಲ. ಇದನ್ನು ನೆನಪಿಟ್ಟುಕೋ.

ಹುರಿಯನ್ನು ಕರಗಿಸುವ ಒಂದು ಇಂಜೆಕ್ಷನ್ ಇತ್ತು, 2020ರಲ್ಲಿ ಈ ಕಡೆ ಸಿಗುವುದು ನಿಂತಿತು. ಸೂಜಿಯಿಂದಲೇ ಹುರಿ ಕಡಿಯುವ ಕ್ರಮವೂ ಇದೆ. ನನ್ನದು ಅದಕ್ಕೆಲ್ಲ ಬಗ್ಗುವ ಜಾತಿಯದ್ದಲ್ಲ ಅಂತ ಆಪರೇಷನ್ನೇ ಆಯ್ತು. ತಾರೀಕು ಎರಡು ಸಲ ಮುಂದೆ ಹೋಯಿತು. ಒಂದು ಸಲವಂತೂ ಬೆಳಿಗ್ಗೆಯಿಂದ ಊಟ ತಿಂಡಿ ಬಿಟ್ಟು, ಹಿಂದಿನಿಂದ ಕಟ್ಟುವ ಆ ಆಸ್ಪತ್ರೆ ಅಂಗಿ ಹಾಕಿ ಕೂತವನನ್ನು ಮಧ್ಯಾಹ್ನ ಎರಡು ಗಂಟೆಗೆ "ಇವತ್ತಿಲ್ಲ" ಅಂತ ಕಳಿಸಿಬಿಟ್ಟರು. ಏಕಾದಶಿಯ ಪುಣ್ಯವಾದರೂ ಬಂತೋ ಎಂತದೋ.

ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ. ಕಂಕುಳ ಹತ್ತಿರ ಚುಚ್ಚಿ ಕೈ ಮಾತ್ರ ಮರಗಟ್ಟಿಸಿದರು. ಎಡಗೈಯಿಂದ ನನ್ನದೇ ಬಲಗೈ ಮುಟ್ಟಿ ನೋಡಿದೆ. ಬಾಳೆದಿಂಡು ಮುಟ್ಟಿದ ಹಾಗಿತ್ತು, ತಣ್ಣಗೆ, ಭಾರ, ಯಾರದ್ದೋ. ಅಡ್ಡ ಬಟ್ಟೆ ಕಟ್ಟಿದ್ದರು, ಆ ಕಡೆ ಎಂತ ಮಾಡುತ್ತಾರೆ ಅಂತ ಕಾಣುತ್ತಿರಲಿಲ್ಲ. ಕಟ್ಟು ಬಿಚ್ಚಿದ ದಿನ ನೋಡಿದರೆ ಅಂಗೈಯಿಂದ ಬೆರಳಿನವರೆಗೆ ಚಾರ್ಮಾಡಿ ಘಾಟಿಯ ರಸ್ತೆ! ಬೇಕೆಂದೇ ಅಂಕುಡೊಂಕು ಕೊಯ್ಯುವುದಂತೆ. ನೇರ ಕೊಯ್ದರೆ ಗಾಯ ಒಣಗುವಾಗ ಕುಗ್ಗಿ ಬೆರಳನ್ನು ಮತ್ತೆ ಎಳೆಯುತ್ತದೆ.

ಹೊಲಿಗೆ ಎರಡು ವಾರಕ್ಕೆ ತೆಗೆದರು. ಆ ಎರಡು ವಾರ ಕೈ ಎದೆಗಿಂತ ಮೇಲೆ ಇರಬೇಕು, ಇಲ್ಲವಾದರೆ ಬಾವು. ರಾತ್ರಿ ಎರಡು ದಿಂಬಿನ ಮೇಲೆ ಕೈ ಮಲಗಿಸಿ, ಅದರ ಪಕ್ಕದಲ್ಲಿ ನಾನು ಮಲಗುವುದು. ಊಟ ಎಡಗೈಯಲ್ಲಿ, ಚಮಚದಲ್ಲಿ. ಮೊದಲ ದಿನ ಸಾರು ಅನ್ನದ ತಟ್ಟೆಗೆ ಎಡಗೈ ಹಾಕುವಾಗ, ಐವತ್ತೇಳು ವರ್ಷದವನು, ನಿನ್ನ ಬೈಗುಳ ಕೇಳಿಸಿತು ಅಂತ ಹಿಂದೆ ತಿರುಗಿ ನೋಡಿದ್ದೇನೆ. ಇವಳು ನಗಾಡಿದ್ದೇ ನಗಾಡಿದ್ದು. ಮೂರನೇ ವಾರ ನನ್ನ ಅಧಿಕಪ್ರಸಂಗದಿಂದ ನೀರು ಕಾಯಿಸುವ ಕೆಟ್ಲ್ ಎತ್ತಲಿಕ್ಕೆ ಹೋಗಿ ಗಾಯದ ಒಂದು ಮೂಲೆ ಬಿಟ್ಟುಕೊಂಡಿತು. ಅದು ಕೂಡಿಕೊಳ್ಳಲಿಕ್ಕೆ ಮತ್ತೆ ಹತ್ತು ದಿನ.

ಈಗ ಗಂಟೆಗೊಮ್ಮೆ ಮುಷ್ಟಿ ಕಟ್ಟಬೇಕು, ಬಿಡಿಸಬೇಕು, ಹತ್ತತ್ತು ಸಲ. ಗಾಯದ ಗೆರೆಯನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಬೇಕು. ಅವರು ಕೊಟ್ಟ ಕ್ರೀಮು ಬದಿಗಿಟ್ಟು ನೀನು ಕಳಿಸಿದ ತೆಂಗಿನೆಣ್ಣೆ ಹಚ್ಚುತ್ತೇನೆ. ಚಳಿಗೆ ಅದು ಕಲ್ಲಾಗಿರುತ್ತದೆ, ಚಮಚದಲ್ಲಿ ಕೆರೆಯಬೇಕು. ಕಿರುಬೆರಳಿನ ಒಂದು ಬದಿ ಇನ್ನೂ ಜೋಮು. ಬರಬಹುದು ಅಂದಿದ್ದಾರೆ, ನಿಧಾನಕ್ಕೆ.

ರಾತ್ರಿ ಬೆರಳು ನೆಟ್ಟಗೆ ಇಡಲಿಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿ. ಅದನ್ನು ಮಾಡಿದ ಕ್ರಮ ನೋಡಬೇಕಿತ್ತು ನೀನು. ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ಬಿಳಿ ಹಾಳೆಯನ್ನು ಬಿಸಿನೀರಿನಲ್ಲಿ ಮುಳುಗಿಸಿದಳು. ಅದು ಮೆತ್ತಗಾಯ್ತು. ತೆಗೆದು ನನ್ನ ಕೈ ಮೇಲಿಟ್ಟು ಒತ್ತಿ ಹಿಡಿದಳು, ಎರಡು ನಿಮಿಷದಲ್ಲಿ ಕೈಯ ಆಕಾರಕ್ಕೆ ಗಟ್ಟಿ! ನನ್ನ ಅಜ್ಜ ಅಡಕೆ ಹಾಳೆಯನ್ನು ನೆನೆಸಿ ಹೀಗೇ ತಲೆಗಿಡುವ ಮುಟ್ಟಾಳೆ ಟೊಪ್ಪಿ ಮಾಡುತ್ತಿದ್ದರು ಅಂದೆ. ಅವಳಿಗೆ ಅಡಕೆ ಅಂದರೆ ಎಂತ ಅಂತ ವಿವರಿಸುವುದರಲ್ಲೇ ಅರ್ಧ ಗಂಟೆ ಹೋಯಿತು.

ಬದಲಿಗೆ ಅವಳೊಂದು ಕಥೆ ಹೇಳಿದಳು. ಇಲ್ಲಿ ಸ್ಕೈ ಅಂತ ಒಂದು ದ್ವೀಪ. ಅಲ್ಲಿ ಮ್ಯಾಕ್‌ಕ್ರಿಮನ್ ಅನ್ನುವ ಮನೆತನದವರು ತಲೆತಲಾಂತರ ಬ್ಯಾಗ್‌ಪೈಪ್ ನುಡಿಸುವವರು. ಬೆರಳು ಬಾಗಿ ನುಡಿಸಲಿಕ್ಕೆ ಆಗದೆ ಹೋದದ್ದಕ್ಕೆ ಇಲ್ಲಿ ಈ ಕಾಯಿಲೆಗೆ ಮ್ಯಾಕ್‌ಕ್ರಿಮನ್ನರ ಶಾಪ ಅಂತಲೂ ಹೇಳುತ್ತಾರಂತೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪನ ಕೈ ಕಣ್ಣ ಮುಂದೆ ಬಂತು ಅಕ್ಕ.

ಅಮ್ಮ ಒದ್ದೆ ಬಟ್ಟೆಯ ತುದಿ ಸುರುಟಿ ಅಪ್ಪನ ಮಡಚಿದ ಬೆರಳಿನ ಸಂದಿಗೆ ತೂರಿಸಿ ಒರೆಸುತ್ತಿದ್ದದ್ದು ನೆನಪಿದೆಯಾ? ಉಗುರು ಅಂಗೈಗೆ ತಾಗಿ ಗಾಯ ಆಗುತ್ತದೆ ಅಂತ ಎರಡು ದಿನಕ್ಕೊಮ್ಮೆ ಕತ್ತರಿಸುತ್ತಿದ್ದಳು. ಅಡಕೆ ಸುಲಿದೂ ಸುಲಿದೂ ಹಾಗಾದದ್ದು ಅಂತ ನಾವೆಲ್ಲ ನಂಬಿದ್ದೆವು. ಉಳುಕು ತೆಗೆಯುವವರ ಹತ್ತಿರ ಎಣ್ಣೆ ಕಟ್ಟು ಹಾಕಿಸಿದ್ದೂ ಆಯ್ತು. ಅದು ಎಳೆದು ಸರಿಮಾಡುವ ಕಾಯಿಲೆಯೇ ಅಲ್ಲ.

ಚಾವಡಿಯ ಆ ತಾಳಮದ್ದಳೆ ನೆನಪು ಮಾಡಿಕೋ. ಅಪ್ಪನ ಮದ್ದಳೆಯ ನಾದ ಸತ್ತ ಹಾಗೆ ಬರುತ್ತಿತ್ತು. ಭಾಗವತರು ಪದ ನಿಲ್ಲಿಸಿ ಒಮ್ಮೆ ಈ ಕಡೆ ನೋಡಿದರು, ಅಷ್ಟೇ. ಒಂದು ಮಾತು ಆಡಲಿಲ್ಲ. ಮರುದಿನ ಮದ್ದಳೆ ಅಟ್ಟಕ್ಕೆ ಹೋಯಿತು. ಭಾಗವತರು ಅವಮಾನ ಮಾಡಿದ್ದಕ್ಕೆ ಅಪ್ಪ ಬಿಟ್ಟರು ಅಂತ ನೀನು ಹೇಳಿದೆ, ನಾನೂ ಹೇಳಿದೆ, ಊರೂ ಹೇಳಿತು. ಅಪ್ಪ ಇಲ್ಲ ಅನ್ನಲಿಲ್ಲ. ಸಿಟ್ಟುಗಾರ ಅನ್ನಿಸಿಕೊಳ್ಳುವುದು ಅವರಿಗೆ ಅಡ್ಡಿ ಇರಲಿಲ್ಲ, ಕೈಲಾಗದವ ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಉಂಗುರ ಬೆರಳು ಬಾಗಿದ ಮೇಲೆ ಅಂಗೈ ಬಿಡಿಸಿ ಬಾರಿಸುವುದು ಹೇಗೆ? ಆರು ವರ್ಷ ಅಂಥದ್ದೇ ಕೈ ಇಟ್ಟುಕೊಂಡವನು ನಾನು, ಈಗ ತಿಳಿಯುತ್ತದೆ.

ಭಾಗವತರು ಈಗಿಲ್ಲ. ಅವರ ಮಗಳ ಮದುವೆಗೆ ನೀನು ಹೋಗಲಿಲ್ಲ. ಮಗಳು ನೀರ್ಚಾಲಿನಲ್ಲೇ ಇದ್ದಾಳೆ ಅಂತ ಭಾವ ಹೇಳಿದ್ದರು. ಒಮ್ಮೆ ಹೋಗಿ ಬಾ ಮಾರಾಯ್ತಿ. ಎಂತ ಹೇಳಬೇಕು ಅಂತ ನನ್ನನ್ನು ಕೇಳಬೇಡ.

ಮತ್ತೆ, ಚೆಂಡೆ ಕಲಿಯುತ್ತಿದ್ದಾನಲ್ಲ ನಿನ್ನ ಮಗ, ಅವನ ಎರಡೂ ಅಂಗೈ ಜಗಲಿಯ ಮೇಲೆ ಚಪ್ಪಟೆ ಇಡಿಸಿ ನೋಡು. ಗಂಟು ಇದ್ದರೂ ಗಾಬರಿ ಬೇಡ, ಗಂಟು ಇದ್ದ ಮಾತ್ರಕ್ಕೆ ಕೊಯ್ಯುವುದಿಲ್ಲ. ಬೆರಳು ಬಾಗಲಿಕ್ಕೆ ಶುರುವಾದರೆ ಮಾತ್ರ ತಡ ಮಾಡದೆ ತೋರಿಸಿ. ಕಾಸರಗೋಡಿನಲ್ಲೇ ತೋರಿಸಬಹುದು, ಆದರೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗದೆ ನಿನಗೆ ಯಾವ ಡಾಕ್ಟರೂ ಡಾಕ್ಟರಲ್ಲ. 2020ರಲ್ಲಿ ಕೊರೊನಾ ಅಂತ ಆ ಗಡಿ ಮುಚ್ಚಿದಾಗ ಭಾವನ ಬಿಪಿ ಮಾತ್ರೆಗೆ ನೀನು ಪಟ್ಟ ಪಾಡು ಮರೆತಿದ್ದೀಯ ಅಂತ ಕಾಣುತ್ತದೆ.

ನನ್ನದು ಮತ್ತೆ ಬರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಹುರಿ ತೆಗೆದರೂ ಕಾಯಿಲೆ ಕೈಯಲ್ಲೇ ಇರುತ್ತದಂತೆ. ಎಡ ಅಂಗೈಯಲ್ಲೂ ಒಂದು ಸಣ್ಣ ಗಂಟು ಕಂಡಿದೆ, ಇವಳಿಗೆ ಇನ್ನೂ ಹೇಳಿಲ್ಲ, ನೀನೂ ಬಾಯಿ ಬಿಡಬೇಡ.

ಭಾನುವಾರ ಶುರು ಮಾಡಿದ ಕಾಗದ, ಇವತ್ತು ಗುರುವಾರ. ಅರ್ಧ ಪುಟಕ್ಕೆ ಕೈ ಸೋಲುತ್ತದೆ. ಮದ್ದಳೆ ಅಟ್ಟದಲ್ಲೇ ಇದೆಯಾ, ಗೆದ್ದಲು ಹಿಡಿದಿದೆಯಾ, ಒಮ್ಮೆ ಹತ್ತಿಸಿ ನೋಡಿಸು. ಯಾರಿಗೂ ಕೊಡಬೇಡ. ತೆಂಗಿನೆಣ್ಣೆ ಮುಗಿಯುತ್ತಾ ಬಂತು.

ನಿನ್ನ ತಮ್ಮ