ಅಮ್ಮನ 'ಜುಮ್ ಅನ್ನುತ್ತೆ' ಯಾರಿಗೂ ಅರ್ಥವಾಗಲಿಲ್ಲ

ಸಂಪಾದಕರೇ,

ಕಳೆದ ತಿಂಗಳು ಅಮ್ಮನನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಸೊಂಟದ ಆಪರೇಷನ್. ಚಿಕಿತ್ಸೆ ಬಗ್ಗೆ ದೂರಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಅಮ್ಮ 'ಕಾಲು ಜುಮ್ ಅನ್ನುತ್ತೆ, ಮರಗಟ್ಟಿದ ಹಾಗಿದೆ' ಎಂದಾಗ ಹೊರಗಿನಿಂದ ಬಂದ, ಕನ್ನಡ ಸರಿಯಾಗಿ ಬಾರದ ನರ್ಸ್‌ಗೆ ಅರ್ಥವಾಗಲಿಲ್ಲ, ಪಾಪ ಆಕೆ ನೋವಿನ ಮಾತ್ರೆ ಕೊಟ್ಟು ಹೋದರು. ಆ ಮಾತ್ರೆಗೂ ಜೋಮಿಗೂ ಏನು ಸಂಬಂಧ, ಅಲ್ವಾ?

ತಪ್ಪು ಆ ಹುಡುಗಿಯದಲ್ಲ. ಅವಳೊಬ್ಬಳೇ ಹದಿನಾಲ್ಕು ಹಾಸಿಗೆ ನೋಡುತ್ತಿದ್ದಳು, ಮಧ್ಯೆ ಫೈಲ್ ಬರೆಯಬೇಕು, ಫೋನ್ ಎತ್ತಬೇಕು, ಔಷಧಿ ಬಂದಿಲ್ಲ ಅಂತ ಫಾರ್ಮಸಿಗೂ ಓಡಬೇಕು. ಬೋಧಕ ಆಸ್ಪತ್ರೆಯ ವಾರ್ಡ್‌ನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಎನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತು. ಮಲಗಿದಲ್ಲೇ ಇರುವವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತೆ. ಒಂದೇ ಜೋಡಿ ಕೈ ಎಷ್ಟು ಜನರನ್ನು ತಿರುಗಿಸೀತು?

ನರ್ಸ್‌ಗಳನ್ನು ಜಾಸ್ತಿ ನೇಮಿಸಲಿ, ಫೈಲ್ ಕೆಲಸ ಬೇರೆಯವರಿಗೆ ಕೊಡಲಿ. ಹೊರಗಿನಿಂದ ಬಂದವರಿಗೆ ಉರಿ, ಸೆಳೆತ, ಜೋಮು, ಸಂಕಟ, ತಲೆಸುತ್ತು ಅಂತ ಐವತ್ತು ಕನ್ನಡ ಪದ ಕಲಿಸಲು ಒಂದು ವಾರ ಸಾಕು. ಶಿಫ್ಟ್ ಬದಲಾಗುವಾಗ ರೋಗಿಯ ಹಾಸಿಗೆ ಪಕ್ಕದಲ್ಲೇ ನಿಂತು ವಿಷಯ ಒಪ್ಪಿಸಲಿ, ಸುಮ್ನೆ ಕೌಂಟರ್‌ನಲ್ಲಿ ಬೇಡ. ಆಗ ಬಿಟ್ಟುಹೋಗಿದ್ದನ್ನು ರೋಗಿಯೇ ಹೇಳುತ್ತಾರೆ. ನಮ್ಮಮ್ಮನಂತೂ ಬಿಡುತ್ತಲೇ ಇರಲಿಲ್ಲ.

– ಓದುಗ, ಬಸವನಗುಡಿ, ಬೆಂಗಳೂರು