ಗೌರಿಯ ಪರಿಹಾರದ ಹಣ ಕೊಡಿ: ಪಶುಸಂಗೋಪನೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಬೆಂಗಳೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕಳಿಸಿ ಹೊಟ್ಟೆ ಹೊರೆಯುವವನು ನಾನು. ಗ್ಲ್ಯಾಂಡರ್ಸ್ ಅನ್ನುವ ಅಂಟುರೋಗ ಇದೆ ಅಂತ ನನ್ನ ಕುದುರೆ ಗೌರಿಗೆ ಇಂಜೆಕ್ಷನ್ ಕೊಟ್ಟು ಸಾಯಿಸಿದರು. ಕಾನೂನು ಹಾಗೇ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪರಿಹಾರದ ಹಣ ಇವತ್ತಿಗೂ ಕೈಗೆ ಬಂದಿಲ್ಲ. ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಮೊದಲು ಮೂಗಿನಿಂದ ಅಂಟಂಟಾದ ಹಳದಿ ಸಿಂಬಳ ಸುರಿಯಿತು. ಆಮೇಲೆ ದವಡೆಯ ಕೆಳಗೆ ಗಟ್ಟಿ ಗಂಟು. ಹಿಂಗಾಲಿನ ಒಳಬದಿಯಲ್ಲಿ ಸಾಲಾಗಿ ಗುಳ್ಳೆ ಎದ್ದು, ಒಡೆದು ಕೀವು ಬಂತು. ಬೇಯಿಸಿದ ಹುರುಳಿ ಇಟ್ಟರೆ ಮೂಸಿ ಮುಖ ತಿರುಗಿಸುತ್ತಿದ್ದಳು. ಡಾಕ್ಟರಿಗೆ ಫೋನ್ ಮಾಡಿದ್ದು ನಾನೇ. ರಕ್ತ ಹರಿಯಾಣದ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರಕ್ಕೆ ಹೋಗಿ, ಪಾಸಿಟಿವ್ ಅಂತ ಬಂತು. ಈ ರೋಗಕ್ಕೆ ಲಸಿಕೆ ಇಲ್ಲ. ಮನುಷ್ಯರಿಗೂ ಅಂಟುತ್ತದೆ. ನನ್ನ ಮಗ ಅದೇ ಲಾಯದಲ್ಲಿ ಮಲಗುತ್ತಿದ್ದ. ಅವನ ರಕ್ತದ ರಿಪೋರ್ಟ್ ಬರುವವರೆಗೆ ನನ್ನ ಹೆಂಡತಿ ಸರಿಯಾಗಿ ಊಟ ಮಾಡಲಿಲ್ಲ.

ಗುಂಡಿ ತೋಡಲು ಜೆಸಿಬಿ ಬಾಡಿಗೆ ನಾನೇ ಕೊಟ್ಟೆ. ಸುಣ್ಣದ ಮೂಟೆಯನ್ನೂ ನಾನೇ ತಂದೆ. ಉಳಿದ ಕುದುರೆಗಳನ್ನು ಹೊರಗೆ ಕಳಿಸಬಾರದು ಅಂದರು, ಕಳಿಸಲಿಲ್ಲ. ಮದುವೆ ಸೀಸನ್ ಪೂರ್ತಿ ಹೋಯಿತು.

ಇನ್ನು ಕಚೇರಿಯಲ್ಲಿ ನಡೆದದ್ದು ಕೇಳಿ. ಪರಿಹಾರಕ್ಕೆ ಅಂತ ಕೊಟ್ಟ ಫಾರಂ ಹಸುವಿನದು. ಕಿವಿ ಓಲೆ ನಂಬರ್ ಎಷ್ಟು, ದಿನಕ್ಕೆ ಎಷ್ಟು ಲೀಟರ್ ಹಾಲು ಅಂತ ಅದರಲ್ಲಿ ಕೇಳಿದ್ದಾರೆ. ನನ್ನ ಕುದುರೆಗೆ ಓಲೆ ಎಲ್ಲಿಂದ ತರಲಿ ಸ್ವಾಮಿ? ಖಾಲಿ ಬಿಟ್ಟೆ. 'ಮಾಹಿತಿ ಅಪೂರ್ಣ' ಅಂತ ಅರ್ಜಿ ವಾಪಸ್ ಬಂತು. ಸತ್ತದ್ದು ಕುದುರೆ ಅಂದೆ. ನಂಬರ್ ಇಲ್ಲದೆ ಕಂಪ್ಯೂಟರ್ ತಗೊಳ್ಳಲ್ಲ ಅಂದರು. ಕೊಲ್ಲುವಾಗ ಯಾರೂ ಕಿವಿ ನೋಡಲಿಲ್ಲ. ಹಣ ಕೊಡುವಾಗ ಮಾತ್ರ ಓಲೆ ಬೇಕಾ?

ಈ ರೋಗ ಸರ್ಕಾರಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಬಾಂಬೆ ಬಂದರಿಗೆ ಅರಬ್ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಆಸ್ಟ್ರೇಲಿಯಾದ ವೇಲರ್ ಕುದುರೆಗಳು ಮದ್ರಾಸಿನಲ್ಲೂ ಇಳಿಯುತ್ತಿದ್ದವು. ಬಾಂಬೆಯಲ್ಲಿ 1874ರಿಂದ 1905ರವರೆಗೆ ಟ್ರಾಮ್ ಎಳೆದದ್ದೂ ಕುದುರೆಗಳೇ. ಅಷ್ಟೊಂದು ಕುದುರೆ ಒಂದೇ ಊರಿನಲ್ಲಿ, ಒಂದೇ ತೊಟ್ಟಿಗೆ ಮೂತಿ ಇಟ್ಟು ನೀರು ಕುಡಿದರೆ ಏನಾಗುತ್ತದೆ? ಒಂದರ ಸಿಂಬಳ ಎಲ್ಲಕ್ಕೂ ತಾಗುತ್ತದೆ. 1898ರಲ್ಲಿ ಜಾನುವಾರು ಆಮದು ಕಾಯ್ದೆ ಬಂತು, 1899ರಲ್ಲಿ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯ್ದೆ (ಇದೇ ರೋಗ ಚರ್ಮಕ್ಕೆ ಬಂದರೆ ಫಾರ್ಸಿ ಅಂತಾರೆ). ಇನ್‌ಸ್ಪೆಕ್ಟರ್ ಬಂದು ಕುದುರೆ ಹಿಡಿಯಬಹುದಿತ್ತು. ಡಾಕ್ಟರ್ ರೋಗ ಇದೆ ಅಂದರೆ ಕೊಲ್ಲಿಸುತ್ತಿದ್ದರು. 2009ರಲ್ಲಿ ಬಂದ ಪ್ರಾಣಿಗಳ ಅಂಟುರೋಗ ತಡೆ ಕಾಯ್ದೆ 1899ರ ಆ ಕಾಯ್ದೆಯನ್ನು ರದ್ದು ಮಾಡಿತು. ರೋಗ ಕಂಡರೆ ಮಾಲೀಕನೇ ತಿಳಿಸಬೇಕು ಅಂತ ಅದರಲ್ಲಿದೆ. ನಿಮಗೆ ಗೊತ್ತಿರುವುದೇ.

ನಾನು ತಿಳಿಸಿದೆ. ಮುಂದಿನವನು ತಿಳಿಸುತ್ತಾನಾ? ಹಳೇ ಗ್ಲ್ಯಾಂಡರ್ಸ್ ಇರುವ ಕುದುರೆ ಎಷ್ಟೋ ತಿಂಗಳು ನೋಡಲು ಚೆನ್ನಾಗೇ ಇರುತ್ತದೆ, ರೋಗ ಹಂಚುತ್ತಲೇ ಇರುತ್ತದೆ. ನನ್ನ ಗತಿ ನೋಡಿದವನು ರಾತ್ರೋರಾತ್ರಿ ಲಾರಿ ಹತ್ತಿಸಿ ಬೇರೆ ಊರಿನ ಜಾತ್ರೆಯಲ್ಲಿ ಮಾರುತ್ತಾನೆ. 2006ರಲ್ಲಿ ಪುಣೆ, ಪಂಚಗಣಿ ಕಡೆ ಈ ರೋಗ ಮತ್ತೆ ತಲೆ ಎತ್ತಿದ್ದು ನಿಮ್ಮ ಇಲಾಖೆಗೆ ನೆನಪಿದೆ ಅಲ್ವಾ? ವಿದೇಶದಿಂದ ಬರುವ ಕುದುರೆಗೆ ಕ್ವಾರಂಟೈನ್ ಇದೆ, ರಕ್ತ ಪರೀಕ್ಷೆ ಇದೆ. ಜಾತ್ರೆಯಿಂದ ಲಾರಿಯಲ್ಲಿ ಬರುವ ಕುದುರೆಯನ್ನು ಕೇಳುವವರಿಲ್ಲ. ಅಲ್ಲಿ ನಿಮ್ಮ ಕಣ್ಣು, ಕಿವಿ ಎಲ್ಲ ನಮ್ಮಂಥ ಸಾಕುವವರೇ.

ಹಾಗಾಗಿ ಹಣ ಕೊಡಿ. ಸರ್ಕಾರದ ಪರಿಹಾರ ಯೋಜನೆಯಲ್ಲಿ ಕುದುರೆಗೆ 25,000 ರೂಪಾಯಿ ಅಂತಿದೆ. ಆ ದುಡ್ಡಿಗೆ ಗೌರಿಯಂಥ ಕುದುರೆ ಎಲ್ಲೂ ಸಿಗಲ್ಲ. ಆದರೂ ಅಷ್ಟಾದರೂ ಕೊಡಿ, ಕುದುರೆ ಸತ್ತ ವಾರದೊಳಗೆ ಕೊಡಿ. ಕುದುರೆಗೆ ಬೇರೆ ಫಾರಂ ಮಾಡಿಸಿ. ಗುಂಡಿಯ ಖರ್ಚು ಇಲಾಖೆಯೇ ಭರಿಸಲಿ. ಮೊತ್ತ ಹೆಚ್ಚಿಸುವ ಮಾತು ಆಮೇಲೆ ಆಡೋಣ, ಮೊದಲು ಬಾಕಿ ಹಣ ಕೊಡಿ.

ಹಿಸಾರ್ ರಿಪೋರ್ಟ್, ಡಾಕ್ಟರ್ ಸರ್ಟಿಫಿಕೇಟ್, ವಾಪಸ್ ಬಂದ ಅರ್ಜಿ, ಮೂರರ ನಕಲನ್ನೂ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಉತ್ತರ ಲಿಖಿತವಾಗಿ ಬೇಕು.

ಇಂತಿ,
ಕುದುರೆ ಸಾಕುವವನೊಬ್ಬ
ಬೆಂಗಳೂರು