ಕುರ್ಚಿ ಇದ್ದರೆ ಮಾತ್ರ ಹೋಗುತ್ತೇನೆ ಎಂದು ಬರೆದೆಯಲ್ಲ

ಚಿರಂಜೀವಿ ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಇಲ್ಲಿಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಮತ್ತೆ ಬರೆಯುವುದಿಲ್ಲ. ನಿನ್ನ ಕೆಲಸ, ಆರೋಗ್ಯ ಎಲ್ಲ ಓದಿ ಸಮಾಧಾನವಾಯಿತು. ಆದರೆ ಮೂರನೆಯ ಪುಟದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಎರಡು ಸಾಲು ತುರುಕಿದ್ದೆಯಲ್ಲ, ಅದು ಗಂಟಲಿಗೆ ಸಿಕ್ಕ ಮುಳ್ಳಿನ ಹಾಗೆ ಕೂತುಬಿಟ್ಟಿದೆ. "ಕುಣಿದರೆ ಇವಳಿಗೆ ಸಂಗೀತ ಅರ್ಥವಾಗಿಲ್ಲ ಎಂದುಕೊಳ್ಳುತ್ತಾರೆ ಮಾವ. ಇನ್ನು ಮೇಲೆ ಕುರ್ಚಿ ಹಾಕಿದ್ದರೆ ಮಾತ್ರ ಹೋಗುತ್ತೇನೆ."

ಆ ಎಲೆಕ್ಟ್ರಾನಿಕ್ ಸಂಗೀತದ ಕಾರ್ಯಕ್ರಮದಲ್ಲಿ ನೂರು ಜನ ಕೈಕಟ್ಟಿಕೊಂಡು, ಗದ್ದ ತಗ್ಗಿಸಿ ನಿಂತಿದ್ದರು ಎಂದು ಬರೆದಿದ್ದೀಯ. ನಿನ್ನ ಭುಜ ತಾನಾಗಿಯೇ ಆಡತೊಡಗಿತು, ಮುಂದೆ ನಿಂತಿದ್ದವರು ಒಮ್ಮೆ ತಿರುಗಿ ನೋಡಿದರು, ನೀನು ನಿಲ್ಲಿಸಿದೆ. ಯಾರೂ ಏನೂ ಅನ್ನಲಿಲ್ಲ, ನೋಡಿದರು ಅಷ್ಟೇ. ಆ "ಅಷ್ಟೇ" ಎಂಬ ಮಾತಿನ ಕೆಳಗೆ ನೀನು ಗೆರೆ ಎಳೆದಿದ್ದೀಯ.

ಹಾಗೆ ನೋಡಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು, ಆದರೆ ಆ ನೋಟವನ್ನು ನಾನೂ ಒಮ್ಮೆ ಒಬ್ಬರ ಮೇಲೆ ಬೀರಿದ್ದೇನೆ. ಅದನ್ನು ಹೇಳಬೇಕೆಂದೇ ಈ ಪತ್ರ ಶುರುಮಾಡಿದ್ದು. ಆದರೆ ಪೆನ್ನು ಹಿಡಿದ ಮೇಲೆ ಅದು ಬೇರೆಲ್ಲಿಗೋ ಹೊರಳುತ್ತಿದೆ, ಸ್ವಲ್ಪ ತಾಳು.

ಕುಣಿದರೆ ಅರ್ಥವಾಗಿಲ್ಲ ಎಂಬ ಈ ಭಯ ನಿನ್ನದಲ್ಲ ಪುಟ್ಟೀ, ನಿನಗಿಂತ ಬಹಳ ಹಳೆಯದು. ನೀನು ಕೇಳಲು ಹೋಗುವ ಈ ಸಂಗೀತ ಎರಡು ಮನೆಗಳಲ್ಲಿ ಬೆಳೆದ ಮಗು. ಒಂದು ಮನೆ ರೇಡಿಯೋ ನಿಲಯದ್ದು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯೆರ್ ಶೆಫರ್ ರೈಲು ಎಂಜಿನ್ನುಗಳ ಸದ್ದನ್ನು ಮುದ್ರಿಸಿಕೊಂಡು, ಕತ್ತರಿಸಿ ಜೋಡಿಸಿ ಬಾನುಲಿಯಲ್ಲಿ ಕೇಳಿಸಿದ. ಕೇಳಿದವರು ಮನೆಯಲ್ಲಿ ರೇಡಿಯೋ ಮುಂದೆ ಕೂತವರು. 1974ರಲ್ಲಿ ಅದೇ ಬಳಗದ ಫ್ರಾನ್ಸ್ವಾ ಬೇಯ್ಲ್ ಹತ್ತಾರು ಧ್ವನಿವರ್ಧಕಗಳನ್ನು ವಾದ್ಯವೃಂದದ ಹಾಗೆ ವೇದಿಕೆಯ ಮೇಲೆ ನಿಲ್ಲಿಸಿದಾಗಲೂ ಎದುರಿಗೆ ಕುರ್ಚಿಗಳೇ ಇದ್ದವು. ಇನ್ನೊಂದು ಮನೆ ಶಿಕಾಗೊ, ಡೆಟ್ರಾಯಿಟ್‌ಗಳ ಕುಣಿತದ ನೆಲ. ಅಲ್ಲಿ 1980ರ ದಶಕದಲ್ಲಿ ಹುಡುಗರು ಅಗ್ಗಕ್ಕೆ ಸಿಕ್ಕ ಡ್ರಮ್ ಯಂತ್ರಗಳಿಂದ ರಾತ್ರಿಗಟ್ಟಲೆ ಜನರನ್ನು ಕುಣಿಸಿದರು. ಒಂದು ಮನೆಯಲ್ಲಿ ಎದ್ದರೆ ಗದರುತ್ತಾರೆ, ಇನ್ನೊಂದರಲ್ಲಿ ಕೂತರೆ. ಮಗು ದೊಡ್ಡದಾಗಿ ಎರಡೂ ಕಡೆಯ ಬಟ್ಟೆ ತೊಟ್ಟು ಬಂದರೆ ಕೇಳುಗರಿಗೆ ಗೊಂದಲವಾಗದೆ ಇನ್ನೇನಾಗುತ್ತದೆ?

ದೊಡ್ಡವರೂ ಈ ವಿಷಯಕ್ಕೆ ಜಗಳವಾಡಿದ್ದಾರೆ. 1995ರಲ್ಲಿ ಜರ್ಮನಿಯ ಹಿರಿಯ ಸಂಗೀತ ಸಂಯೋಜಕ ಸ್ಟಾಕ್‌ಹೌಸನ್ನನಿಗೆ ಹೊಸ ಹುಡುಗರ ಸಂಗೀತ ಕೇಳಿಸಿ ಅಭಿಪ್ರಾಯ ಕೇಳಿದರು. ಆಫೆಕ್ಸ್ ಟ್ವಿನ್ ಎಂಬ ಹೆಸರಿನ ತರುಣನಿಗೆ, ಒಂದೇ ತಾಳವನ್ನು ಮತ್ತೆ ಮತ್ತೆ ಬಾರಿಸುವುದನ್ನು ಬಿಟ್ಟು ನನ್ನ ಹಳೆಯ ಕೃತಿ ಕೇಳಲಿ ಎಂದು ಅವನು ಬುದ್ಧಿ ಹೇಳಿದ. ಆ ತರುಣನೂ ಬಿಡಲಿಲ್ಲ. ಅವರೇ ನನ್ನದೊಂದು ಕೇಳಲಿ, ಆಮೇಲೆ ಕುಣಿಯಲು ಬಾರದ ಇಂಥ ವಿನ್ಯಾಸಗಳನ್ನು ನಿಲ್ಲಿಸುತ್ತಾರೆ ಎಂದ. ಆಗ ನಾನು ಓದಿ ನಕ್ಕಿದ್ದೆ, ಹಿರಿಯನ ಪಕ್ಷವನ್ನೂ ವಹಿಸಿದ್ದೆ. ಈಗ ನೋಡಿದರೆ ಇಬ್ಬರೂ ಕುಣಿತವನ್ನು ಪರೀಕ್ಷೆಯ ಅಂಕ ಮಾಡಿಕೊಂಡಿದ್ದರು ಅನ್ನಿಸುತ್ತದೆ, ಒಬ್ಬನಿಗೆ ಕುಣಿದರೆ ಸೊನ್ನೆ, ಇನ್ನೊಬ್ಬನಿಗೆ ಕುಣಿಯದಿದ್ದರೆ. ನೀನು ಕೂಡ ಆ ಸಭಾಂಗಣದಲ್ಲಿ ಅಂಕಕ್ಕೆ ಹೆದರಿ ನಿಂತೆಯಲ್ಲ, ನನಗೆ ಸಂಕಟವಾಗುವುದು ಅಲ್ಲೇ. ಕುಣಿಯದೆ ಇದ್ದದ್ದು ದೊಡ್ಡ ಮಾತಲ್ಲ.

ಸರಿ, ಹೇಳುತ್ತೇನೆ.

ಕಾರ್ಯಕ್ರಮಗಳಿಗೆ ಧ್ವನಿ ವ್ಯವಸ್ಥೆ ಮಾಡುವುದು ನನ್ನ ಕೆಲಸ, ನಿನಗೆ ಗೊತ್ತೇ ಇದೆ. ಆ ರಾತ್ರಿಯದು ಸಣ್ಣ ಸಭಾಂಗಣ, ಮರದ ನೆಲ. ಕಲಾವಿದನ ಮೇಜಿನ ಮೇಲೆ ಬಣ್ಣಬಣ್ಣದ ವೈರುಗಳು ಸಿಕ್ಕುಬಿದ್ದ ಮಾಡ್ಯುಲರ್ ಸಿಂತ್, ಬಿಡಿಭಾಗಗಳನ್ನು ವೈರಿನಿಂದ ಜೋಡಿಸಿ ಸ್ವರ ಹುಟ್ಟಿಸುವ ಯಂತ್ರ. ತಾಳವಿಲ್ಲ, ಮಾತಿಲ್ಲ, ಒಂದೇ ಒಂದು ಮಂದ್ರದ ಸ್ವರ ಮುಕ್ಕಾಲು ಗಂಟೆ ನಿಧಾನವಾಗಿ ಬಣ್ಣ ಬದಲಿಸುತ್ತ ಹೋಗುವುದು. ಸಂಜೆ ಸೌಂಡ್ ಚೆಕ್ ಮಾಡುವಾಗ ಅವನು "ಕೆಳಗಿನದು ಇನ್ನೂ ಸ್ವಲ್ಪ" ಎಂದು ಎರಡು ಸಲ ಕೇಳಿದ. ನಾನು ಮಂದ್ರಕ್ಕೆಂದೇ ಇರುವ ಧ್ವನಿವರ್ಧಕಗಳಾದ ಸಬ್‌ವೂಫರ್‌ಗಳ ಫೇಡರನ್ನು, ಅಂದರೆ ಸದ್ದು ಏರಿಸುವ ಹಿಡಿಯನ್ನು, ಎರಡು ಸಲ ಮೇಲೆ ತಳ್ಳಿದೆ.

ಇಪ್ಪತ್ತು ನಿಮಿಷ ಕಳೆದಿರಬೇಕು. ಎಡಗಡೆಯ ಸಬ್‌ವೂಫರಿನ ಹತ್ತಿರ ನಿಂತಿದ್ದ ಒಬ್ಬ ಹೆಂಗಸು, ಐವತ್ತರ ಆಸುಪಾಸು, ಚಪ್ಪಲಿ ಬಿಚ್ಚಿ ಕಂಬದ ಬುಡದಲ್ಲಿ ಜೋಡಿಸಿಟ್ಟರು. ಕಣ್ಣು ಮುಚ್ಚಿಕೊಂಡು ಮಂಡಿಯಿಂದ ಮೇಲೆ ತೂಗತೊಡಗಿದರು. ಕುಣಿತ ಎಂದು ಹೆಸರಿಡುವಂಥದ್ದೇನೂ ಅಲ್ಲ. ತುಂಬಿದ ಕೊಡವನ್ನು ಎತ್ತಿ ನಡೆದಾಗ ಒಳಗಿನ ನೀರು ಆಡುತ್ತದಲ್ಲ, ಅಷ್ಟು. ಹಿಂದೆ ನಿಂತಿದ್ದ ಒಬ್ಬರು ನನ್ನ ಮೇಜಿನ ಬಳಿ ಬಂದು, ಅವರನ್ನು ಸ್ವಲ್ಪ ಸುಮ್ಮನಿರಿಸಿ, ಏಕಾಗ್ರತೆ ಕೆಡುತ್ತಿದೆ ಎಂದು ಪಿಸುಗುಟ್ಟಿದರು. ನಾನು ಎದ್ದು ಹೋದೆ. ಭುಜ ಮುಟ್ಟಿದೆ. ಬಾಯಿಂದ ಬಂದ ಮಾತು ಇದು: "ಇದು ಕುಣಿಯುವ ಸಂಗೀತ ಅಲ್ಲಮ್ಮ, ಕೇಳುವ ಸಂಗೀತ."

ಅವರು ಕಣ್ಣು ತೆರೆದು, ಕ್ಷಮಿಸಿ ಎಂದರು. ಕತ್ತಲಲ್ಲಿ ಕಾಲಿನಿಂದಲೇ ಚಪ್ಪಲಿ ತಡಕಿದರು, ಮೊದಲು ಬಲದ್ದನ್ನು ಎಡಗಾಲಿಗೆ ಹಾಕಿಕೊಂಡು ಮತ್ತೆ ಬದಲಾಯಿಸಿದರು. ಐದು ನಿಮಿಷ ಎರಡೂ ಕೈ ಬಿಗಿಹಿಡಿದು ನಿಂತಿದ್ದು ಹೊರಟುಹೋದರು. ನಾನು ಬಂದು ಕೂತೆ. ಕೂತ ಮೇಲೆ ಗಮನಿಸಿದರೆ ಮೇಜಿನ ಕೆಳಗೆ ನನ್ನ ಬಲಗಾಲಿನ ಹಿಮ್ಮಡಿ ಎದ್ದು ಬೀಳುತ್ತಿದೆ. ಎಷ್ಟು ಹೊತ್ತಿನಿಂದಲೋ! ಎಡಗಾಲನ್ನು ಅದರ ಮೇಲಿಟ್ಟು ಅದುಮಿ ಹಿಡಿದೆ, ಕಾರ್ಯಕ್ರಮ ಮುಗಿಯುವವರೆಗೂ.

ಇದನ್ನು ನಿನ್ನ ಅತ್ತೆಗೂ ಹೇಳಿರಲಿಲ್ಲ.

2022ರಲ್ಲಿ ಒಂದು ಅಧ್ಯಯನದ ವಿಷಯ ಓದಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಆರ್ಫೆಕ್ಸ್ ಎಂಬ ಎಲೆಕ್ಟ್ರಾನಿಕ್ ಜೋಡಿಯ ನಿಜವಾದ ಕಾರ್ಯಕ್ರಮವನ್ನೇ ಪ್ರಯೋಗ ಮಾಡಿದ್ದರು. ಕೇಳುಗರ ತಲೆಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, 8ರಿಂದ 37 ಹರ್ಟ್ಸ್‌ವರೆಗಿನ ಅತಿ ಮಂದ್ರ ಸದ್ದಿನ ಧ್ವನಿವರ್ಧಕಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕುತ್ತ, ಆರಿಸುತ್ತ ಹೋದರು. ಅವು ಇದ್ದಾಗ ಜನರ ಚಲನೆ ಶೇಕಡ 11.8ರಷ್ಟು ಹೆಚ್ಚಿತು. ಯಾವಾಗ ಹಾಕಿದರು, ಯಾವಾಗ ಆರಿಸಿದರು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಪುಟ್ಟೀ. ಫೇಡರ್ ತಳ್ಳಿದವನು ನಾನು, ಸಬ್‌ವೂಫರನ್ನು ಅಲ್ಲಿ ಇಟ್ಟವನು ನಾನು. ಕುಣಿಸಿದವನೇ ಹೋಗಿ ಕುಣಿಯಬೇಡ ಎಂದು ಭುಜ ತಟ್ಟಿ ಬಂದೆ.

ಅವರು ಆಮೇಲೆ ಇನ್ನೊಂದು ಇಂಥ ಕಾರ್ಯಕ್ರಮಕ್ಕೆ ಹೋದರೋ ಇಲ್ಲವೋ. ಕುರ್ಚಿ ಇದ್ದರೆ ಮಾತ್ರ ಹೋಗುತ್ತೇನೆ ಎಂಬ ನಿನ್ನ ಸಾಲು ಓದಿದಾಗ ಅದು ಅವರ ದನಿಯಲ್ಲೇ ಕೇಳಿಸಿತು.

ಹಾಗೆಂದು ಎಲ್ಲರೂ ಎಲ್ಲೆಡೆ ಕುಣಿಯಲಿ ಎಂದು ನಾನು ಹೇಳಿದರೆ ಅದೂ ಸುಳ್ಳು. ದೂರು ಹೇಳಿದ ಆ ಮನುಷ್ಯ ಕೆಟ್ಟವರೇನಲ್ಲ. ಸೂಜಿ ಬಿದ್ದರೂ ಕೇಳುವಂಥ ರಚನೆಗಳಿರುತ್ತವೆ, ಅಲ್ಲಿ ಒಬ್ಬರ ಹೆಜ್ಜೆಗೆ ನೆಲದ ಹಲಗೆ ಕಿರುಗುಟ್ಟಿದರೆ ಹತ್ತು ಜನರ ಕಿವಿಯಿಂದ ಸ್ವರ ಜಾರಿಹೋಗುತ್ತದೆ. ಸುಮ್ಮನೆ ನಿಲ್ಲುವುದೂ ಮೈಯ ಕೆಲಸವೇ. ಅಮೆರಿಕದ ಸಂಗೀತ ಸಂಯೋಜಕಿ ಪೌಲಿನ್ ಒಲಿವೆರೋಸ್ ಬರೆದಿಟ್ಟ ಒಂದು ಅಭ್ಯಾಸವಿದೆ: ರಾತ್ರಿ ಹೊತ್ತು ನಡೆಯಬೇಕು, ಪಾದದ ಅಡಿಯೇ ಕಿವಿಯಾಗುವಷ್ಟು ಸದ್ದಿಲ್ಲದೆ ನಡೆಯಬೇಕು. ಅದನ್ನು ಕುಣಿತ ಎನ್ನುತ್ತೀಯೋ ಕೇಳುವುದು ಎನ್ನುತ್ತೀಯೋ? ನಾನು ಆ ಹೆಂಗಸಿಗೆ ಎರಡನ್ನೂ ಬೇರೆ ಬೇರೆ ಎಂದು ಹೇಳಿ ಬಂದವನು, ನನಗೆ ಉತ್ತರ ಕೊಡುವ ಅಧಿಕಾರವಿಲ್ಲ.

ತಾಳವೇ ಇಲ್ಲದ ಕಡೆ ಕುಣಿಯುವುದಾದರೂ ಹೇಗೆ ಎಂದೂ ಕೇಳಿದ್ದೀಯ. ತಾಳ ಮರುಕಳಿಸಿದರೆ ಮಾತ್ರ ಕುಣಿತ ಎಂದು ಒಂದು ಸರ್ಕಾರವೇ ನಂಬಿತ್ತು. 1994ರಲ್ಲಿ ಬ್ರಿಟನ್ನಿನಲ್ಲಿ ಬಯಲಿನ ರಾತ್ರಿ ಕೂಟಗಳನ್ನು ತಡೆಯಲು ತಂದ ಕಾನೂನಿನಲ್ಲಿ "ಮರುಕಳಿಸುವ ಬಡಿತಗಳ ಸರಣಿ" ಎಂದೇ ಸಂಗೀತವನ್ನು ವಿವರಿಸಿದ್ದರು. ಆಟೆಕರ್ ಎಂಬ ಜೋಡಿ ಅದಕ್ಕೆ ಪ್ರತಿಭಟನೆಯಾಗಿ, ಬಡಿತದ ಒಂದು ಆವರ್ತ ಇನ್ನೊಂದರ ಹಾಗಿರದ ರಚನೆ ಹೊರತಂದರು. ಇದನ್ನು ನುಡಿಸುವಾಗ ಪಕ್ಕದಲ್ಲಿ ಒಬ್ಬ ವಕೀಲ, ಒಬ್ಬ ಸಂಗೀತಶಾಸ್ತ್ರಜ್ಞ ಇರಲಿ ಎಂದು ತಮಾಷೆಯ ಸೂಚನೆಯನ್ನೂ ಅಂಟಿಸಿದ್ದರು. ಕೇಳಿ ನೋಡು, ಕಾಲು ನಿಲ್ಲುವುದಿಲ್ಲ. ಅದೇ ಇಬ್ಬರು ತಮ್ಮ ಕಾರ್ಯಕ್ರಮಗಳಲ್ಲಿ ದೀಪ ಪೂರ್ತಿ ಆರಿಸಿಬಿಡುತ್ತಾರೆ. ಯಾರು ಕೈಕಟ್ಟಿದ್ದಾರೆ, ಯಾರು ಕುಣಿಯುತ್ತಿದ್ದಾರೆ, ಯಾರಿಗೂ ಕಾಣಿಸುವುದಿಲ್ಲ. ನಿನ್ನಂಥವರಿಗೆ, ನನ್ನಂಥವರಿಗೂ, ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇನ್ನೂ ಹಿಂದೆ ಹೋದರೆ ನಗು ಬರುತ್ತದೆ. ಮುಟ್ಟದೆ ನುಡಿಸುವ ವಾದ್ಯ ಮಾಡಿದ ತೆರೆಮಿನ್, 1930ರ ದಶಕದ ಮೊದಲಲ್ಲೇ ಇನ್ನೊಂದನ್ನು ಕಟ್ಟಿದ್ದ, ಟರ್ಪ್‌ಸಿಟೋನ್ ಎಂದು. ನರ್ತಕಿ ಒಂದು ಜಗಲಿಯ ಮೇಲೆ ನಿಲ್ಲಬೇಕು, ಅವಳ ಮೈ ಎದ್ದಂತೆ ಬಾಗಿದಂತೆ ಸ್ವರ ಏರಿಳಿಯುತ್ತದೆ. ಅಂದರೆ ಈ ಸಂಗೀತದ ಎಳೆಯ ವಯಸ್ಸಿನಲ್ಲೇ ಮೈ ಆಡದಿದ್ದರೆ ರಾಗವೇ ಹುಟ್ಟದ ವಾದ್ಯ ಇತ್ತು. ಇದನ್ನೆಲ್ಲ ಓದಿಕೊಂಡಿದ್ದ ನಾನು ಆ ರಾತ್ರಿ ಹಾಗೆ ನಡೆದುಕೊಂಡೆ. ಓದು ಯಾವ ಹೊತ್ತಿಗೆ ಕೈಕೊಡುತ್ತದೆ ನೋಡು.

ನಿನಗೆ ಏನಾದರೂ ಉಪಯೋಗಕ್ಕೆ ಬರುವುದನ್ನು ಬರೆಯಬೇಕು, ಆದರೆ ನನ್ನ ಬಳಿ ಹೆಚ್ಚೇನಿಲ್ಲ. ಸಾಧ್ಯವಾದರೆ ಪಕ್ಕಕ್ಕೆ, ಗೋಡೆಯ ಹತ್ತಿರ ನಿಲ್ಲು. ಅಲ್ಲಿ ಹಿಂದಿನವರ ಕಣ್ಣಿಗೆ ಅಡ್ಡ ಬರುವುದಿಲ್ಲ, ಮಂದ್ರವೂ ಗೋಡೆಯ ಬಳಿ ದಟ್ಟವಾಗಿರುತ್ತದೆ. ನೆಲ ಮರದ್ದಾದರೆ ಮೊದಲೇ ಒಮ್ಮೆ ಭಾರ ಬದಲಿಸಿ ಸದ್ದು ಬರುತ್ತದೆಯೇ ನೋಡಿಕೋ. ಯಾರಾದರೂ ನಿಜವಾಗಿ ತೊಂದರೆಯಾಯಿತು ಎಂದರೆ ಜಾಗ ಬದಲಿಸು, ಹೊರಗೆ ಮಾತ್ರ ಹೋಗಬೇಡ. ಕಾರ್ಯಕ್ರಮದ ಮೊದಲು ಕಲಾವಿದರು ಸಿಕ್ಕರೆ ಅವರನ್ನೇ ಕೇಳಿಬಿಡು. ಅಂದು ನಾನು ವೈರುಗಳ ಹಿಂದೆ ನಿಂತಿದ್ದ ಆ ಮನುಷ್ಯನನ್ನು, ನಿಮಗೆ ಅಡ್ಡಿಯಾಯಿತೇ ಎಂದು ಆಮೇಲೂ ಕೇಳಲಿಲ್ಲ. ವೈರು ಸುತ್ತಿಕೊಂಡು ಮನೆಗೆ ಬಂದೆ.

ಕಿವಿಯದು ಒಂದು ಮರೆತೆ. ಇಂಥ ಕಡೆ ಸದ್ದಿನ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ, ಪಾಲಿಸುವವರು ಪಾಲಿಸುತ್ತಾರೆ. ನನ್ನ ಬಲಗಿವಿಯಲ್ಲಿ ಹಗಲೂ ರಾತ್ರಿ ಒಂದು ಸಿಳ್ಳೆ ಇದೆ. ಪ್ಲಗ್ ಹಾಕಿಕೊಂಡರೆ ಸಂಗೀತ ಸಪ್ಪೆಯಾಗುತ್ತದೆ ಎಂದು ಮೊಂಡುತನ ಮಾಡಿದ್ದಕ್ಕೆ ಸಿಕ್ಕಿದ್ದು. ಈ ಲಕೋಟೆಯಲ್ಲಿ ಒಂದು ಜೊತೆ ಇಟ್ಟಿದ್ದೇನೆ, ಹಾಕಿಕೋ. ಕಿವಿ ಮುಚ್ಚಿದರೂ ಮಂದ್ರ ಎದೆಗೂಡಿಗೆ ಬಂದೇ ಬರುತ್ತದೆ.

ಕುಣಿಯಬೇಕೆಂಬ ಹಟವೂ ಬೇಡ. ಮಾವ ಹೇಳಿದರು ಎಂದು ಮುಂದಿನ ಸಲ ಭುಜ ಆಡಿಸಿದರೆ ಅದೂ ಇನ್ನೊಂದು ಪರೀಕ್ಷೆಯೇ ಆಗುತ್ತದೆ. ಕುರ್ಚಿ ಇದ್ದರೂ ಹೋಗು, ಇಲ್ಲದಿದ್ದರೂ ಹೋಗು. ಆ ಎರಡು ಸಾಲನ್ನು ಮಾತ್ರ ವಾಪಸು ತೆಗೆದುಕೋ. ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಒಂದು ವಿಷಯ ನೀನು ಬರೆಯಲಿಲ್ಲ. ಅವರು ತಿರುಗಿ ನೋಡಿದ ಮೇಲೆ ಭುಜ ನಿಲ್ಲಿಸಿದೆ ಎಂದೆ, ಸರಿ. ಆಗ ಶೂಗಳ ಒಳಗೆ ನಿನ್ನ ಹೆಬ್ಬೆರಳು ಏನು ಮಾಡುತ್ತಿತ್ತು? ಉತ್ತರದಲ್ಲಿ ಮರೆಯದೆ ಬರೆ.

ಇತಿ,
ನಿನ್ನ ಮಾವ